ಕಲ್ಲು ಮಗುಚಿ ಹಳ್ಳದ ಆರೋಗ್ಯ ಕೇಳುವ ಬೀರವ್ವ

ಬೆಳಗಿನ ಆರು ಗಂಟೆ. ದರಿಬಡಚಿ ಊರಿನ ಹಳ್ಳದಲ್ಲಿ ಮೊಣಕಾಲುಮಟ್ಟ ನೀರಿಗಿಳಿದ ಬೀರವ್ವ ಬಾಗಿ ಒಂದು ಕಲ್ಲನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತುತ್ತಾರೆ. ಅದರ ಕೆಳಮೈಯನ್ನು ಬೆಳಕಿಗೆ ಹಿಡಿಯುತ್ತಾರೆ. ಅಕ್ಕಿಕಾಳಿನಷ್ಟಿರುವ ಹುಳವೊಂದು ಕೂದಲೆಳೆಯಂಥ ಮೂರು ಬಾಲ ಎಳೆದುಕೊಂಡು ಅಂಚಿಗೆ ಸರಿಯುತ್ತದೆ. ಅದನ್ನು ಕೋಳಿಗರಿಯಿಂದ ಬಿಳಿ ತಟ್ಟೆಗೆ ಇಳಿಸಿ, ಲೆಕ್ಕದ ವಹಿಯಲ್ಲಿ ಒಂದು ಗೀಟು ಎಳೆದು, ಮರಳಿ ನೀರಿಗೆ ಬಿಡುತ್ತಾರೆ. ಕಲ್ಲನ್ನೂ ಮೊದಲಿದ್ದಂತೆಯೇ ಇಡುತ್ತಾರೆ.

"ಅದರ ಮನಿ ಮಾಳಿಗಿ ಇದು. ತಗದು ನೋಡಿದ ಮ್ಯಾಲ ಹೊಚ್ಚಬೇಕಲ್ರಿ."

ಐವತ್ತೆರಡರ ಬೀರವ್ವ ಕುರಿಗಾರರ ಮನೆಯವರು. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಓದು ಮುಗಿಯಿತು. ಹಳ್ಳ ಓದುವುದನ್ನು ಕಲಿಸಿದ್ದು ಅತ್ತೆ ಹಾಲವ್ವ. ನೀರು ಎಷ್ಟೇ ತಿಳಿಯಾಗಿರಲಿ, ಕಲ್ಲಿನಡಿ ಹುಳ ಕಾಣದೆ ಆ ಮುದುಕಿ ಮರಿಗಳನ್ನು ಕುಡಿಯಲು ಬಿಡುತ್ತಿರಲಿಲ್ಲವಂತೆ. ಆರು ವರ್ಷದ ಹಿಂದೆ ನೀರಿನ ಕೆಲಸ ಮಾಡುವ ಸಂಸ್ಥೆಯೊಂದು ಇದನ್ನು ಕಂಡು ಬೀರವ್ವನ ಕೈಗೆ ತಟ್ಟೆ, ಜರಡಿ, ವಹಿ ಕೊಟ್ಟಿತು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಮೂರು ಜಾಗ, ಜಾಗಕ್ಕೆ ಇಪ್ಪತ್ತು ಕಲ್ಲು. ಮೂರು ಬಾಲದ ಹುಳ ಕೆಟ್ಟ ನೀರಿನಲ್ಲಿ ಬಾಳುವುದಿಲ್ಲ. ಅದು ಹೋದರೆ ಕೆಸರಿನ ಕೆಂಪು ಹುಳವಷ್ಟೇ ಉಳಿಯುತ್ತದೆ. ಬೀರವ್ವ ಬೀರಪ್ಪನ ಗುಡಿಯ ಕಟ್ಟೆಗೆ ಬಂದು ಲೆಕ್ಕ ಹೇಳಿದ ಮೇಲೆ ಕುರಿಗಾರರು ಎಲ್ಲಿ ನೀರು ಕುಡಿಸಬೇಕೆಂದು ಗೊತ್ತುಮಾಡುತ್ತಾರೆ.

ಊರವರು 'ಹುಳದ ಡಾಕ್ಟರ' ಎಂದು ನಗುತ್ತಾರೆ. "ನನ್ನ ಪೇಶಂಟ್ ದವಾ ಬೇಡೂದಿಲ್ರಿ. ಸುಮ್ಮಕ ಹೊಂಟ ಹೋಗತಾವ."

ಹೋದ ವರ್ಷ ದಸರೆ ಕಳೆದ ಮೇಲೆ ಹಾಗೆಯೇ ಹೋದವು. ಮುರಗೆಪ್ಪನವರ ದ್ರಾಕ್ಷಿ ತೋಟದ ಪಕ್ಕದ ಇಪ್ಪತ್ತು ಕಲ್ಲಿನಡಿ ಒಂದೂ ಇಲ್ಲ. ತೋಟಕ್ಕೆ ಹೊಡೆಯುವ ಔಷಧವೇ ಕಾರಣವೆಂದು ಬೀರವ್ವ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟರು. ಮುರಗೆಪ್ಪ ಸಿಟ್ಟಾಗಲಿಲ್ಲ. "ತಂಗಿ, ನನ್ನ ತೋಟದಿಂದ ಮ್ಯಾಲ ಹಳ್ಳದಾಗಿನ ಕಲ್ಲೂ ಒಂದಿಷ್ಟು ಎತ್ತಿ ನೋಡು. ಔಷಧ ನೀರಿನೆದುರು ಏರ ಹತ್ತತೈತೇನು?" ಎಂದಷ್ಟೇ ಅಂದರು.

ಮರುದಿನ ಬೀರವ್ವ ಮೇಲಕ್ಕೆ ನಡೆದರು. ತೋಟ ದಾಟಿದರೂ ಕಲ್ಲುಗಳು ಖಾಲಿ. ಅರ್ಧ ಮೈಲಿ ಮೇಲೆ ಒಂದು ಮಡು. ಮಡುವಿನ ಆಚೆ ಮೊದಲ ಕಲ್ಲಿಗೇ ಏಳು ಹುಳ. ಆ ಮಡುವಿನಲ್ಲಿ ಕುರಿ ತೊಳೆಯುವವನು ಸ್ವಂತ ಅಣ್ಣ ಶಿದ್ರಾಯ. ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ಹಳ್ಳದಲ್ಲಿ ತೊಳೆಯುವುದು ಹಳೆಯ ಪದ್ಧತಿ. ಎರಡು ಕೆಲಸ ಒಂದರಲ್ಲೇ ಮುಗಿಯಲೆಂದು, ಹೇನು ಸಾಯುವ ಔಷಧವನ್ನು ಹಿಂದಿನ ಸಂಜೆಯೇ ಸವರಿ, ಬೆಳಿಗ್ಗೆ ಮಡುವಿಗೆ ಇಳಿಸುವುದು ಈಚಿನ ರೂಢಿ.

ಬೀರವ್ವ ಬಹಳ ಹೊತ್ತು ಮಡುವಿನ ದಂಡೆಯಲ್ಲಿ ಕೂತಿದ್ದರು. ವಹಿಯಲ್ಲಿ ಬರೆಯುವ ಜಾಗ ಖಾಲಿಯಿತ್ತು. ಹಾಗೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅಪವಾದ ತೋಟದ ಮೇಲೆಯೇ ಉಳಿಯುತ್ತಿತ್ತು.

ಆದರೆ ಆರೋಪ ಮಾಡಿದ ಕಟ್ಟೆಯ ಮೇಲೆಯೇ ನಿಂತು ಬೀರವ್ವ ತಮ್ಮ ತಪ್ಪು ಒಪ್ಪಿಕೊಂಡರು, ಕಂಡದ್ದನ್ನೂ ಹೇಳಿದರು. ಶಿದ್ರಾಯ ಕಂಬಳಿ ಹೆಗಲಿಗೇರಿಸಿ ಎದ್ದ. "ಹುಳ ಸಂಬಂಧಿಕರಾದ್ವೇನು ನಿನಗ?" ಎಂದು ಕೇಳಿ ಹೊರಟುಹೋದ. ಅದೇ ಊರಲ್ಲಿರುವ ಬೀರವ್ವನ ತವರಿನಲ್ಲಿ ಮನೆಮಗಳು ಮೊದಲ ಟಗರಿಗೆ ಆರತಿ ಬೆಳಗದೆ ಕತ್ತರಿ ಹಾಕುವುದಿಲ್ಲ. ಆ ವರ್ಷ ಬೀರವ್ವನಿಗೆ ಕರೆ ಬರಲಿಲ್ಲ. ಕತ್ತರಿ ಸದ್ದು ಮಾತ್ರ ಗಾಳಿಯಲ್ಲಿ ತೇಲಿ ಬಂತು.

ಆಮೇಲೆ ಅಣ್ಣ ಮಾತಾಡಿಲ್ಲ. ಎದುರು ಬಂದರೆ ಕುರಿಗಳನ್ನೇ ನೋಡುತ್ತಾನೆ. ಈ ವರ್ಷದ ಕತ್ತರಿ ದಿನಕ್ಕೆ ಇನ್ನೊಂದು ವಾರವಿದೆ. ಮೊನ್ನೆ ಬೀರವ್ವ ಮಡುವಿನತ್ತ ಹೋದಾಗ ಹಳ್ಳದಿಂದ ದೂರವಿರುವ ಬೀಳು ಹೊಲದಲ್ಲಿ ಹೊಸದಾಗಿ ತೋಡಿದ ತಗ್ಗು ಕಂಡಿತು. ತಳಕ್ಕೆ ತಾಡಪತ್ರಿ ಹಾಸಿ, ಸುತ್ತ ಮಣ್ಣಿನ ಒಡ್ಡು ಹಾಕಿತ್ತು. ಕುರಿ ತೊಳೆದ ಔಷಧದ ನೀರು ಹಳ್ಳಕ್ಕೆ ಹರಿಯದ ಹಾಗೆ. ಯಾರು ತೋಡಿದ್ದೆಂದು ಅವರು ವಿಚಾರಿಸಲಿಲ್ಲ. ಒಡ್ಡಿಗೆ ಒರಗಿಸಿಟ್ಟ ಸಲಿಕೆಯ ಹಿಡಿ ತವರಿನದು, ಅಪ್ಪನ ಕಾಲದ್ದು.

ಅಣ್ಣ ತಪ್ಪು ಒಪ್ಪಿಕೊಂಡಂತಾಯಿತಲ್ಲ ಎಂದರೆ ಬೀರವ್ವ ಒಪ್ಪುವುದಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ತಪ್ಪಾತು ಅನ್ನೂದು ಬ್ಯಾಡ್ರಿ. ಆರತಿ ತಗೊಂಡ ಬಾ ಅಂತ ಒಂದ ಮಾತ ಹೇಳಿ ಕಳಸಿದ್ರ ಸಾಕು."