ಅಕ್ಕ ಕಾಣದ ದ್ವೀಪ

ಮಲ್ಪೆಯ ಕಡಲ ದಂಡೆಯಲ್ಲಿ ನಾನು ಅಕ್ಕನನ್ನು ದೋಣಿ ಹತ್ತಿಸಲಿಲ್ಲ. ಎದುರಿನ ದ್ವೀಪಕ್ಕೆ ಊಟ ಒಯ್ಯುವಂತಿಲ್ಲ ಎಂದು ದೋಣಿಯವರು ತಡೆದರು. ಬಳ್ಳಾರಿ ಕಡೆಯ ನಮ್ಮೂರು ಕರೂರಿನಿಂದ ಅವಳೇ ಮಾಡಿ ತಂದಿದ್ದ ರೊಟ್ಟಿ ಬುತ್ತಿಯನ್ನು ಯಾರಾದರೂ ಕಾಯಬೇಕಿತ್ತು. ನಮ್ಮ ಮನೆಯಲ್ಲಿ ಕಾಯುವವಳು ಯಾವಾಗಲೂ ಅಕ್ಕನೇ.

"ನೀ ಇಲ್ಲೇ ಕುಂದ್ರಕ್ಕ, ಲಗೂ ಬರ್ತೀವಿ" ಎಂದು ಹೆಂಡತಿ ಮಕ್ಕಳೊಂದಿಗೆ ಹೋದೆ. ಫೋನಿನಲ್ಲಿ ಆ ದ್ವೀಪ ನೋಡಿ, ಹೋಗೋಣವೆಂದು ವರ್ಷದಿಂದ ಕೇಳುತ್ತಿದ್ದವಳು ಅಕ್ಕನೇ.

ಮೂರು ತಾಸಿನ ಮೇಲೆ ಮರಳಿದಾಗ ಬಿಸಿಲಲ್ಲಿ ಬುತ್ತಿಗಂಟಿಗೆ ಸೆರಗು ಮರೆ ಮಾಡಿ ಕೂತಿದ್ದಳು.

"ಅಲ್ಲಿ ಉಸುಕು ಬೆಳ್ಳಗೈತೇನೋ ತಮ್ಮಾ?"

"ಎಲ್ಲಾ ಕಡಿ ಇದ್ದಂಗ ಐತಿ" ಎಂದೆ. ಅವಳು ಗಂಟು ಬಿಚ್ಚಿ ನನಗೇ ಮೊದಲು ರೊಟ್ಟಿ ಕೊಟ್ಟಳು.

ಹೋದ ತಿಂಗಳು ಅಕ್ಕ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಣ್ಣು ಹಾಕುವಾಗ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದೆ: "ನಾ ಕುಂದರಬೇಕಿತ್ತಕ್ಕ, ದ್ವೀಪಕ್ಕ ನೀ ಹೋಗಬೇಕಿತ್ತು. ತಪ್ಪಾತು."