ನನ್ನ ಬಣ್ಣದ ದೀಪ

ಕೇಳಿ ಮೊಮ್ಮಕ್ಕಳೇ, ರಾಣೆಬೆನ್ನೂರಿನ ಮಹಿಳಾ ಸಂಘದ ವೇದಿಕೆಯ ಮೇಲೆ ಎರಡನೆಯ ನುಡಿಗೇ ನನ್ನ ಹಾಡು ನಿಂತುಹೋಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ, ತಲೆ ತಗ್ಗಿಸಿಕೊಂಡು ಹಾಡಿದವಳು ನಾನು. ಎದುರಿಗೆ ಅಷ್ಟು ಮುಖಗಳನ್ನು ಕಂಡು ಹಾಡಿನ ಸಾಲುಗಳೇ ಮರೆತುಹೋದವು. ಸೆರಗು ಹಿಡಿದು ಕೆಳಗಿಳಿಯಲು ತಿರುಗಿದೆ.

ಆಗ ಹಿಂದಿನ ಸಾಲಿನಲ್ಲಿ ಕೆಂಪು ದೀಪಗಳು ಮೇಲೆದ್ದವು. ಮೊಮ್ಮಗಳು ಸ್ನೇಹಾ ಮತ್ತು ಅವಳ ಗೆಳತಿಯರು ಮೊಬೈಲಿನ ಬೆಳಕಿಗೆ ಕೆಂಪು ಹಾಳೆ ಸುತ್ತಿ ಬೀಸುತ್ತಿದ್ದರು.

"ಆಯೀ, ಹಾಡಬೇ! ನಾವು ಅದೀವಿ!"

ಹೇಗೋ ಹಾಡು ಮುಗಿಸಿದೆ.

ಸ್ನೇಹಾ ಜಪಾನಿನ ಹಾಡುಗಾರ್ತಿಯರ ತಂಡವೊಂದರ ಅಭಿಮಾನಿ. ಅಲ್ಲಿ ಒಬ್ಬೊಬ್ಬ ಹುಡುಗಿಗೂ ಒಂದೊಂದು ಬಣ್ಣವಂತೆ; ಅಭಿಮಾನಿಗಳು ಅದೇ ಬಣ್ಣದ ದೀಪ ಹಿಡಿದು ಅವಳ ಹೆಸರು ಕೂಗುತ್ತಾರಂತೆ.

"ನಾ ಮರತೇ ಬಿಟ್ಟಿದ್ನಲ್ಲೇ," ಎಂದೆ ಮರಳುವ ಬಸ್ಸಿನಲ್ಲಿ.

"ಮರತರೇನಾತು? ಅಲ್ಲಿ ಹಾಡಾಕಿ ತಪ್ಪಿದ್ರ ಮಂದಿ ಇನ್ನೂ ಜೋರು ಕೂಗ್ತಾರ. ನಿಂದು ಮೆಣಸಿನಕಾಯಿ ಕೆಂಪು, ಆಯಿ. ನಾನ ಆರಿಸೇನಿ."

ನಿಮ್ಮ ಅಜ್ಜ ಹೋದ ಮೇಲೆ ಹಣೆಯ ಕುಂಕುಮದ ಜೊತೆಗೆ ಆ ಬಣ್ಣವನ್ನೂ ಬಿಟ್ಟಿದ್ದೆ, ಮಕ್ಕಳೇ. ಸ್ನೇಹಾ ಅದನ್ನು ಅಷ್ಟು ಜನರ ನಡುವೆ ನನಗಾಗಿ ಎತ್ತಿ ಹಿಡಿದಳು. ಅವಳ ಹೊಟ್ಟೆ ತಣ್ಣಗಿರಲಿ.