ಒಂದು ತೊಟ್ಟು ರಕ್ತದ ಪಂದ್ಯ

ರಕ್ತ ಕಮ್ಮಿಯೋ ಜಾಸ್ತಿಯೋ ಹೇಳಲು ಡಾಕ್ಟರ್ ವೇಣುಗೋಪಾಲ್ ಅವರಿಗೆ ರಕ್ತ ತೆಗೆಯಬೇಕಿರಲಿಲ್ಲ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ, ಮಾವಿನ ತೋಪುಗಳ ನಡುವಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಇದ್ದರು. ಬಸುರಿ ಹೆಂಗಸು ಎದುರು ಕೂತರೆ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ, ಒಳಗಿನ ಬಣ್ಣ ನೋಡಿ, "ಒಂಬತ್ತೂವರೆ" ಎನ್ನುವರು. ಕೋಲಾರಕ್ಕೆ ಕಳಿಸಿದ ರಕ್ತದ ವರದಿ ನಾಲ್ಕು ದಿನದ ಮೇಲೆ ಬಂದಾಗ ಹಿಮೋಗ್ಲೋಬಿನ್ ಒಂಬತ್ತೂವರೆಯ ಆಸುಪಾಸಿನಲ್ಲೇ ಇರುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ಅವರ ಕಣ್ಣಿಗೆ ಅಷ್ಟು ಹೆಸರು.

ಯಂತ್ರಗಳೆಂದರೆ ಅವರಿಗೆ ಅಷ್ಟಕ್ಕಷ್ಟೆ. ಹಿಂದೊಮ್ಮೆ ಸಕ್ಕರೆ ನೋಡುವ ಯಂತ್ರ ಬಂದಿತ್ತು. ಎರಡೇ ತಿಂಗಳಿಗೆ, ರಕ್ತದ ಹನಿ ಹಚ್ಚಿ ಅದರೊಳಗೆ ತೂರಿಸುವ ಸ್ಟ್ರಿಪ್ಪುಗಳು ಮುಗಿದವು. ವರ್ಷ ಕಳೆದು ಬಂದ ಸ್ಟ್ರಿಪ್ಪುಗಳು ಬೇಸಿಗೆಯ ಧಗೆಗೆ ಬೀರುವಿನಲ್ಲೇ ಕೆಟ್ಟು, ಊರಿನವರಿಗೆಲ್ಲ ಒಂದೇ ಅಂಕಿ ತೋರಿಸಿದವು.

ಹಾಗಾಗಿ ಹೊಸ ಲ್ಯಾಬ್ ಟೆಕ್ನಿಷಿಯನ್ ನಾಹಿದ್, ಅಂಗೈಯಗಲದ ಹಿಮೋಗ್ಲೋಬಿನ್ ಯಂತ್ರವನ್ನು ಮೇಜಿನ ಮೇಲಿಟ್ಟಾಗ ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಒಂದು ತೊಟ್ಟು ಸಾಕು ಸಾರ್. ಒಂದು ನಿಮಿಷಕ್ಕೆ ಹೇಳ್ಬಿಡುತ್ತೆ."

"ನಾನು ಅರ್ಧ ನಿಮಿಷಕ್ಕೆ ಹೇಳ್ತೀನಲ್ಲಮ್ಮ."

ಮುಳಬಾಗಿಲಿನ ಹುಡುಗಿ ನಾಹಿದ್ ಸುಮ್ಮನಾಗುವವಳಲ್ಲ. "ಹಂಗಾದ್ರೆ ಪಂದ್ಯ ಕಟ್ಟೋಣ ಸಾರ್. ಮೊದ್ಲು ನೀವು ಹೇಳಿ, ಆಮೇಲೆ ನಾನು ಚುಚ್ತೀನಿ."

ಗುರುವಾರ ಗರ್ಭಿಣಿಯರ ತಪಾಸಣೆಯ ದಿನ. ಪಂದ್ಯದ ಸುದ್ದಿ ಹಬ್ಬಿ, ಬೆಂಚುಗಳ ಮೇಲೆ ಜಾಗವಿಲ್ಲದಷ್ಟು ಜನ ಸೇರಿದರು. ಮೊದಲನೆಯವಳಿಗೆ ಡಾಕ್ಟರು ಹನ್ನೊಂದು ಎಂದರು; ಯಂತ್ರ ಎಂಟೂವರೆ ಎಂದಿತು. ಡಾಕ್ಟರು ಮೀಸೆಯಲ್ಲೇ ನಕ್ಕರು.

"ಬೆರಳು ಹಿಂಡಿದ್ಯಲ್ಲ? ಹಿಂಡಿದ್ರೆ ರಕ್ತಕ್ಕೆ ಮೈನೀರು ಸೇರುತ್ತೆ. ಕೈ ಬೆಚ್ಚಗೆ ಮಾಡಿ, ತಾನಾಗೇ ಬಂದ ಹನಿ ತಗೋ."

ನಾಹಿದ್ ಹಾಗೇ ಮಾಡಿದಳು. ಹತ್ತು ಪಾಯಿಂಟ್ ಒಂಬತ್ತು. ತೋಪಿನ ಮನೆಯ ರಾಮಲಕ್ಷ್ಮಮ್ಮ ಚಪ್ಪಾಳೆ ತಟ್ಟಿ, "ಮನ ಡಾಕ್ಟರೇ ಗೆಲಿಚಾರು!" ಎಂದು ತೆಲುಗಿನಲ್ಲಿ ಡಾಕ್ಟರ ಗೆಲುವನ್ನು ಕೂಗಿ ಸಾರಿದರು. ಅವತ್ತು ಡಾಕ್ಟರು ಎರಡು ಲೋಟ ಟೀ ಹೆಚ್ಚಿಗೆ ಕುಡಿದರು.

ಮೂರನೆಯ ಗುರುವಾರ ರಾಮಲಕ್ಷ್ಮಮ್ಮ ತಮ್ಮ ಸೊಸೆ ಚೈತನ್ಯಳನ್ನು ಕರೆತಂದರು. ಎಂಟು ತಿಂಗಳು ತುಂಬಿತ್ತು. ಮಾವಿನ ಸುಗ್ಗಿ, ಬೆಳಗಿನಿಂದ ಪೆಟ್ಟಿಗೆಗಳಿಗೆ ಹುಲ್ಲು ಹಾಸಿ ಕಾಯಿ ಜೋಡಿಸಿ ಬಂದಿದ್ದಳು. ಡಾಕ್ಟರು ರೆಪ್ಪೆ ಜಗ್ಗಿದರು. ಒಳಗೆ ಕೆಂಪಗಿತ್ತು.

"ಹತ್ತೂವರೆ. ಚೆನ್ನಾಗಿದ್ದಾಳೆ."

ನಾಹಿದ್ ಚುಚ್ಚಿದಳು. ಆರು ಪಾಯಿಂಟ್ ನಾಲ್ಕು.

"ಮತ್ತೆ ಹಿಂಡಿದ್ಯಾ?"

"ಇಲ್ಲ ಸಾರ್. ನೀವೇ ನೋಡ್ತಿದ್ರಲ್ಲ."

ಇನ್ನೊಂದು ಬೆರಳು: ಆರು ಪಾಯಿಂಟ್ ಮೂರು. ಡಾಕ್ಟರು ತಮ್ಮ ಬೆರಳನ್ನೇ ಚಾಚಿದರು. ಹದಿನಾಲ್ಕು. ಅವರ ಹಿಮೋಗ್ಲೋಬಿನ್ ಯಾವಾಗಲೂ ಅಷ್ಟೇ. ಯಂತ್ರ ಸರಿಯಾಗಿಯೇ ಇತ್ತು.

ಅವರು ಚೈತನ್ಯಳ ಅಂಗೈ ಬಿಡಿಸಿದರು: ಬಿಳುಚಿಕೊಂಡಿತ್ತು. ನಾಲಿಗೆಯೂ ಹಾಗೇ. "ಕಣ್ಣು ಉಜ್ಜಿಕೊಂಡ್ಯೇನಮ್ಮ?" ಎಂದು ಕೇಳಿದರು.

"ಹುಲ್ಲಿನ ಧೂಳು ಸಾರ್, ಬೆಳಗ್ಗಿಂದ ಉಜ್ತಾನೇ ಇದೀನಿ."

ಧೂಳಿಗೆ ಕೆಂಪಾದ ಕಣ್ಣನ್ನು ನಾನು ರಕ್ತವೆಂದು ಓದಿದ್ದೆ! ಏಳಕ್ಕಿಂತ ಕಡಿಮೆಯೆಂದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಇವಳನ್ನು ಈಗಲೇ ಕೋಲಾರಕ್ಕೆ ಕಳಿಸಿ ರಕ್ತ ಕೊಡಿಸಬೇಕು ಎಂದು ಡಾಕ್ಟರು ಹೇಳಿದರೆ ರಾಮಲಕ್ಷ್ಮಮ್ಮ ಒಪ್ಪಲಿಲ್ಲ.

"ನೀವು ಹತ್ತೂವರೆ ಅಂದ್ರಲ್ಲ ಸ್ವಾಮಿ, ಅಷ್ಟು ಸಾಕು. ನನ್ನ ಮಗನ ಹೆರಿಗೆ ನೀವೇ ಮಾಡ್ಸಿದ್ದು. ನಿಮ್ಮ ಕಣ್ಣಿಗಿಂತ ಈ ಡಬ್ಬಿ ದೊಡ್ಡದಾ?"

ಬೆಂಚಿನ ಹೆಂಗಸರು ತಲೆಯಾಡಿಸಿದರು. ಡಾಕ್ಟರು ಎದ್ದು ನಿಂತರು. ಇಷ್ಟು ವರ್ಷದಲ್ಲಿ ಆಡದ ಮಾತನ್ನು ಆಡಿದರು.

"ನನ್ನ ಕಣ್ಣು ತಪ್ಪಿತು ಕಣಮ್ಮ. ಈ ಹುಡುಗಿ ಹೇಳಿದ್ದೇ ಸರಿ. ನನ್ನ ಮೇಲೆ ನಂಬಿಕೆ ಇದ್ರೆ ಈ ಮಾತನ್ನೂ ನಂಬಿ."

ರಾಮಲಕ್ಷ್ಮಮ್ಮ ಡಾಕ್ಟರ ಮುಖ ನೋಡಿ, ಸೆರಗು ಸಿಕ್ಕಿಸಿ, "ನಡಿಯೇ ಚೈತನ್ಯ, ಮಾವಿನಕಾಯಿ ಎಲ್ಲಿ ಓಡಿಹೋಗ್ತವೆ" ಎಂದರು. ಆಂಬುಲೆನ್ಸ್ ಬಂತು. ಕೋಲಾರದ ಲ್ಯಾಬಿನಲ್ಲಿ ಆರೂವರೆ ಬಂತು. ಅಂದೇ ಸಂಜೆ ರಕ್ತ ಏರಿಸಿದರು.

ಮರುದಿನ ಡಾಕ್ಟರು ಔಷಧ ಉಗ್ರಾಣಕ್ಕೆ ಫೋನ್ ಮಾಡಿ ಹಿಮೋಗ್ಲೋಬಿನ್ ಯಂತ್ರಕ್ಕೆ ಸ್ಟ್ರಿಪ್ ಕೇಳಿದರು. ವಾರ ಬಿಟ್ಟು ಮತ್ತೆ ಕೇಳಿದರು. ಕೊನೆಗೆ ಅಲ್ಲಿನ ನರೇಶ್, "ನೀವೇನಾ ಸಾರ್, ಈ ಯಂತ್ರ ವಾಪಸ್ ತಗೊಳ್ಳಿ ಅಂತ ಹೋದ ತಿಂಗಳು ಕಾಗದ ಬರೆದೋರು?" ಎಂದು ಕೇಳಿದ.

"ನಾನೇ. ಆ ಕಾಗದ ಹರಿದುಹಾಕಿ, ಸ್ಟ್ರಿಪ್ ಕಳಿಸಪ್ಪ. ಹಾಗೇ ತಂಪಾದ ಜಾಗದಲ್ಲಿಡಿ."

ಜುಲೈನಲ್ಲಿ ಚೈತನ್ಯಳಿಗೆ ಹೆಣ್ಣುಮಗು ಹುಟ್ಟಿತು, ಎರಡು ಕಿಲೋ ಒಂಬೈನೂರು ಗ್ರಾಂ. ತಾಯಿಗೆ ಒಂದು ಚೂರೂ ತೊಂದರೆಯಾಗಲಿಲ್ಲ.

ಅದಾದ ಒಂದು ಗುರುವಾರ, ಆರೋಗ್ಯ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರೇಲರ್ ತುಂಬ ಹೆಂಗಸರು: ಬಸುರಿಯರು, ಬಾಣಂತಿಯರು, ಅವರ ಅತ್ತೆಯರು. ಮುಂದೆ ರಾಮಲಕ್ಷ್ಮಮ್ಮ, ತೋಳಲ್ಲಿ ಮೊಮ್ಮಗಳು.

"ಎಲ್ರನ್ನೂ ಕರ್ಕೊಂಡು ಬಂದಿದೀನಿ ಸ್ವಾಮಿ. ನನಗೂ ಚುಚ್ಚಿಸಿ. ಯಾವಾಗ್ಲೂ ಸುಸ್ತು ಅಂತೀನಿ, ಯಾರೂ ಕೇಳಲ್ಲ."

ನಾಹಿದ್ ಕಿಲಕಿಲ ನಕ್ಕು, ಉಗ್ರಾಣದಿಂದ ಬಂದ ಸ್ಟ್ರಿಪ್ಪುಗಳನ್ನು ತೆಗೆದಿಟ್ಟು, ಸೂಜಿಯ ಪೊಟ್ಟಣ ಬಿಚ್ಚಿದಳು. ಡಾಕ್ಟರು ಕುರ್ಚಿ ಅವಳಿಗೆ ಬಿಟ್ಟುಕೊಟ್ಟು, ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತರು. ಅವತ್ತು ಊಟಕ್ಕೆ ಕೂತಾಗ ಮೂರೂವರೆ ಗಂಟೆ. ಟ್ರೇಲರಿನವರು ತಂದ ಮುದ್ದೆ, ಅವರೆಕಾಳಿನ ಸಾರನ್ನು ಎಲ್ಲರೂ ಹುಣಸೆಮರದ ಕೆಳಗೆ ಒಟ್ಟಿಗೆ ಉಂಡರು.